ಅಕ್ಕನ ಕೈಗುಣ

ನಾನು ಚಿಕ್ಕವಳಿದ್ದಾಗ, ಶೆಟಗೇರಿಯ ನಮ್ಮ ಮನೆಯಲ್ಲಿ ಅಕ್ಕ ನೆಟ್ಟದ್ದು ಬದುಕುವುದಿಲ್ಲ ಎಂಬ ಮಾತು ಹುಟ್ಟಿಕೊಂಡಿತ್ತು. ಶುದ್ಧ ಸುಳ್ಳು! ಇವತ್ತು ನೆನೆದರೂ ನನಗೆ ಮೈ ಉರಿಯುತ್ತದೆ, ಮಕ್ಕಳೇ.

ಬಾವಿಕಟ್ಟೆಯ ಆಚೆಗಿನ ಹಿತ್ತಲಲ್ಲಿ ಅಕ್ಕ ಒಂದು ವರ್ಷ ಶೇಂಗಾ ಬಿತ್ತಿದಳು, ಬಾಡಿತು. ಮರುವರ್ಷ ಬದನೆ ನೆಟ್ಟಳು, ಕಾಯಿ ಬಿಡುವ ಹೊತ್ತಿಗೆ ಅದೂ ಸತ್ತಿತು. ನಮ್ಮ ಜೊತೆಗೇ ಇದ್ದ ಸೋದರತ್ತೆ, ಇವಳ ಕೈಗುಣವೇ ಸರಿಯಿಲ್ಲ ಎಂದರು. ಮಣ್ಣಿನಲ್ಲೇ ಏನೋ ಇದೆ ಎಂದು ಅಕ್ಕ ಹೇಳಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಆಡಿಕೊಂಡರು. ಅಪ್ಪನೂ ಅದನ್ನೇ ನಂಬಿ, ಇನ್ನು ಅಕ್ಕ ಬೀಜ, ಸಸಿ ಮುಟ್ಟಕೂಡದು ಎಂದುಬಿಟ್ಟ. ಹಿತ್ತಲೆಂದರೆ ಅಕ್ಕನಿಗೆ ಜೀವ. ಅವಳು ಊಟ ಬಿಟ್ಟು ಅತ್ತಳು.

ಆ ಸಲ ಅಲ್ಲಿ ಮೆಣಸಿನ ಸಸಿಗಳನ್ನು ಅತ್ತೆಯೇ ನೆಟ್ಟರು. ಒಂದು ಬೆಳಿಗ್ಗೆ ನಾನು ನೀರು ಹೊಯ್ಯಲು ಹೋದರೆ, ಅತ್ತೆಯ ಗಿಡಗಳೂ ಜೋತುಬಿದ್ದಿದ್ದವು. ನನಗೆಷ್ಟು ಖುಷಿಯಾಯಿತು ಅಂತೀರಿ! ಓಡಿಹೋಗಿ ಎಲ್ಲರನ್ನೂ ಕರೆತಂದೆ. ಅತ್ತೆ ಬಿಟ್ಟಾರೆಯೇ? ಅಕ್ಕನ ಕಣ್ಣು ತಾಗಿರಬೇಕು ಎಂದು ಶುರುಮಾಡಿದರು.

ಅಕ್ಕ ಸೀದಾ ಹೋಗಿ ಒಂದು ಗಿಡ ಕಿತ್ತಳು. ಕೊಳೆತ ವಾಸನೆ ಗಪ್ಪೆಂದು ಬಂತು. ಬುಡದ ಸುತ್ತ ಹತ್ತಿಯಂಥ ಬಿಳಿ ಬೂಷ್ಟು, ಅದರ ಮೇಲೆ ಸಾಸಿವೆಯಂಥ ಕಂದು ಕಾಳುಗಳು. ಅಲ್ಲೇ ಉಳಿದಿದ್ದ ಹಳೆಯ ಬದನೆಯ ಬುಡ ಕಿತ್ತಳು, ಅದರಲ್ಲೂ ಅವೇ ಕಾಳು. ನಡುವೆ ಬೆಳೆದ ಹುಲ್ಲನ್ನೂ ಕಿತ್ತಳು. ಅದರ ಬೇರು ಮಾತ್ರ ಗಟ್ಟಿಯಾಗಿತ್ತು.

"ಅಪ್ಪಾ, ಇದು ಶೇಂಗಾ, ಬದನೆ, ಮೆಣಸು ಎಲ್ಲಾ ತಿಂತದೆ. ಹುಲ್ಲಿನ ಜಾತಿಗೆ ಹೋಗೂದಿಲ್ಲ. ರಾಗಿಯೂ ಹುಲ್ಲಿನ ಜಾತಿಯೇ, ಇಲ್ಲಿ ನಾನೇ ಅದನ್ನ ಹಾಕ್ತೆ. ಸತ್ತರೆ ಮತ್ತೆ ಬೀಜ ಮುಟ್ಟೂದಿಲ್ಲ. ಬದುಕಿದರೆ ನನ್ನ ಕೈ ಸುದ್ದಿ ಯಾರೂ ಎತ್ತಬಾರ್ದು" ಎಂದಳು.

ಅಪ್ಪ ಕಾಳುಗಳನ್ನು ಉಗುರಿನಿಂದ ಒತ್ತಿ ನೋಡಿ, ಹೂಂ ಎಂದ. ಮಳೆಗಾಲಕ್ಕೆ ಹಾಕಿದ ರಾಗಿ ನನ್ನ ಎದೆಯೆತ್ತರ ಬಂತು. ಅದರ ಅಂಬಲಿಯನ್ನು ಅತ್ತೆಯೇ ಕೇಳಿ ಹಾಕಿಸಿಕೊಂಡು ಕುಡಿದರು.

ನಿಮಗೀಗ ಕಾರವಾರದ ಶಾಲೆಯಲ್ಲಿ ಶಿಲೀಂಧ್ರದ ಪಾಠವೇ ಇದೆ, ಚಿತ್ರ ಬರೆದು ಬಣ್ಣವನ್ನೂ ತುಂಬುತ್ತೀರಿ. ಮನೆಯಲ್ಲಿ ಟಿವಿ ಇದೆ, ನಿಮ್ಮಪ್ಪನ ಮೊಬೈಲಿನಲ್ಲಿ ಸ್ಕೋರೂ ಬರುತ್ತದೆ. ಆದರೂ ನಿನ್ನೆ ಪಕ್ಕದ ಮನೆ ಹುಡುಗಿ ಮ್ಯಾಚ್ ನೋಡಲು ಬಂದು ಕೂತ ಕೂಡಲೇ ವಿಕೆಟ್ ಬಿತ್ತೆಂದು, ನಿನ್ನ ಕಾಲ್ಗುಣ ಸರಿಯಿಲ್ಲ, ಎದ್ದು ಹೋಗು ಎಂದಿರಲ್ಲ? ಒಳಗಿಂದ ಎಲ್ಲ ಕೇಳಿಸಿಕೊಂಡಿದ್ದೇನೆ. ನಾನಿರುವ ಮನೆಯಲ್ಲಿ ಆ ಮಾತು ನಡೆಯುವುದಿಲ್ಲ. ಏಳಿ, ಹೋಗಿ ಅವಳನ್ನು ಕರೆದುಕೊಂಡು ಬನ್ನಿ. ನನ್ನ ಪಕ್ಕದಲ್ಲೇ ಕೂತು ಇವತ್ತಿನ ಮ್ಯಾಚ್ ನೋಡಲಿ. ನಮ್ಮವರು ಸೋತರೆ ಸೋಲಲಿ!