ನನ್ನ ಕೈ ಬಲ್ಲವರು

ಹರಪನಹಳ್ಳಿಯ ಆಸ್ಪತ್ರೆಯವರು ಕೊಟ್ಟ ಅರ್ಜಿಯ ಕೊನೆಯ ಪುಟದಲ್ಲಿ ಮೂರು ಖಾಲಿ ಚೌಕಗಳಿದ್ದವು. ನಿಮ್ಮ ಕೆಲಸವನ್ನು ಬಲ್ಲ ಮೂವರ ಹೆಸರು, ಹುದ್ದೆ, ಫೋನ್ ನಂಬರ್. ಕೊಟ್ಟೂರಿನಲ್ಲಿ ಹನ್ನೊಂದು ವರ್ಷ ಮಂದಿಯ ರಕ್ತ ತೆಗೆದು ಪರೀಕ್ಷೆ ಮಾಡಿದವಳಿಗೆ ಇದೇನು ಮಹಾ ಎಂದುಕೊಂಡೆ. ನಾನಿದ್ದ ಲ್ಯಾಬ್ ಆ ತಿಂಗಳ ಕೊನೆಗೆ ಬಾಗಿಲು ಹಾಕುವುದಿತ್ತು. ಮಾಲೀಕರಿಗೆ ವಯಸ್ಸಾಗಿತ್ತು, ಕಣ್ಣು ಮಂಜಾಗಿತ್ತು. ಹರಪನಹಳ್ಳಿಯ ಕೆಲಸ ತಪ್ಪಿದರೆ ಮೂವತ್ತೆಂಟನೇ ವಯಸ್ಸಿನಲ್ಲಿ ನನ್ನನ್ನು ಕರೆದು ಕೆಲಸ ಕೊಡುವವರು ಈ ಸುತ್ತಮುತ್ತ ಬೇರೆ ಯಾರೂ ಇರಲಿಲ್ಲ.

ಪಟ್ಟಿಯನ್ನು ಅಣ್ಣನೇ ಮಾಡಿದ. ನಮ್ಮ ಕಡೆ ಒಬ್ಬರ ಬಗ್ಗೆ ವಿಚಾರಿಸುವುದೆಂದರೆ ಅವರು ಯಾರ ಪೈಕಿ ಎಂದು ಕೇಳುವುದು, ಅಷ್ಟೇ. ಹಾಗಾಗಿ ಪಂಚಾಯ್ತಿಯ ಮಾಜಿ ಅಧ್ಯಕ್ಷರು, ನಿವೃತ್ತ ಹೆಡ್‌ಮಾಸ್ತರರು, ಕೋಗಳಿಯಲ್ಲಿರುವ ನಮ್ಮ ದೊಡ್ಡಪ್ಪ ಎಂದು ಬರೆದು, "ಈ ಮೂರು ಹೆಸರು ನೋಡಿದ್ರ ಸಾಕು, ಕರ್ದು ಕೆಲಸ ಕೊಡ್ತಾರ" ಎಂದ. ನಾನೂ ತಲೆಯಾಡಿಸಿ ಬಸ್ಸು ಹತ್ತಿದೆ.

ಆಸ್ಪತ್ರೆಯ ಕಚೇರಿಯಲ್ಲಿದ್ದ ಹೆಂಗಸು ಪಟ್ಟಿಯನ್ನು ಎರಡು ಸಲ ಓದಿದಳು. "ಇವರ ರಕ್ತ ನೀವು ತೆಗ್ದಿದೀರಾ?" ಎಂದು ಕೇಳಿದಳು. ನಮ್ಮ ದೊಡ್ಡಪ್ಪ ಸೂಜಿ ಕಂಡರೆ ಎದ್ದು ಹೊರಗೆ ಹೋಗುವ ಮನುಷ್ಯ.

"ನೀವು ಯಾರ ಮಗಳು ಅಂತ ನಮಗೆ ಬೇಡ್ರಿ. ಪಕ್ಕದಲ್ಲಿ ನಿಂತು ನಿಮ್ ಕೆಲಸ ನೋಡಿದವರು ಬೇಕು. ಅದರಾಗೆ ಒಬ್ರು ನಿಮಗೆ ಕಲಿಸಿದ ಟೆಕ್ನಿಷಿಯನ್ ಆಗಿರ್ಬೇಕು" ಎಂದು ಕಾಗದ ವಾಪಸ್ ಕೊಟ್ಟಳು.

ಲ್ಯಾಬಿನ ಮಾಲೀಕರು ಒಬ್ಬರಾದರು, ನಮ್ಮ ರಿಪೋರ್ಟ್ ನೋಡುತ್ತಿದ್ದ ಡಾಕ್ಟರು ಇನ್ನೊಬ್ಬರು. ಮೂರನೆಯ ಚೌಕ ಖಾಲಿಯೇ ಉಳಿಯಿತು. ನನಗೆ ಕಲಿಸಿದವರು ಒಬ್ಬರೇ. ಅವರನ್ನು ನಾನು ಎಂಟು ವರ್ಷದಿಂದ ಮಾತಾಡಿಸಿರಲಿಲ್ಲ.

ಅವರನ್ನು ನಾವು ಮೇಡಂ ಎನ್ನುತ್ತಿದ್ದೆವು. ನಮ್ಮ ಲ್ಯಾಬಿನಲ್ಲಿ ಹಿರಿಯರು ಅವರೇ, ತಂಬ್ರಹಳ್ಳಿ ಕಡೆಯವರು. ತಮ್ಮದೇ ತೋಳು ಚಾಚಿ, "ಚುಚ್ಚು, ಅಂಜಬ್ಯಾಡ" ಎಂದು ನನಗೆ ಸೂಜಿ ಹಿಡಿಯಲು ಕಲಿಸಿದವರು. ನಾಲ್ಕು ಸಲ ತಪ್ಪಿದ್ದೆ. ಅವರ ತೋಳು ನೀಲಿಗಟ್ಟಿತ್ತು, ಮುಖ ಮಾತ್ರ ಒಂದಿಷ್ಟೂ ಬದಲಾಗಿರಲಿಲ್ಲ. ಅವರು ಪದೇ ಪದೇ ಹೇಳುತ್ತಿದ್ದ ಮಾತು ಒಂದೇ: "ಮೊದ್ಲು ಹೆಸರು ಬರಿ, ಅವರಪ್ಪನ ಹೆಸರು ಬರಿ, ಊರು ಬರಿ. ಆಮ್ಯಾಲ ಚುಚ್ಚು."

ಕೊಟ್ಟೂರಿನಲ್ಲಿ ಇದನ್ನು ಮರೆಯುವುದು ಹುಡುಗಾಟವಲ್ಲ. ಊರದೇವರ ಹೆಸರಿಟ್ಟುಕೊಂಡವರು ಇಲ್ಲಿ ಮನೆಗೊಬ್ಬರು. ಬೆಂಚಿನ ಮುಂದೆ ನಿಂತು ಆ ಹೆಸರು ಕೂಗಿದರೆ ನಾಲ್ಕು ಜನ ಏಳುತ್ತಾರೆ. ಎಂಟು ವರ್ಷದ ಹಿಂದೆ ಒಂದು ಸೋಮವಾರ ಲ್ಯಾಬಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಆ ಹೆಸರಿನ ಇಬ್ಬರ ರಕ್ತ ಒಬ್ಬರ ಹಿಂದೊಬ್ಬರದು ತೆಗೆದು, ಆಮೇಲೆ ಬರೆದರಾಯಿತೆಂದು ಎರಡೂ ಟ್ಯೂಬನ್ನು ಕೋಟಿನ ಜೇಬಿಗೆ ಹಾಕಿಕೊಂಡೆ. ನನಗೆ ಆಗ ನನ್ನ ನೆನಪಿನ ಮೇಲೆ ಬಹಳ ಗರ್ವ.

ಸಕ್ಕರೆ ಕಾಯಿಲೆಯೇ ಇಲ್ಲದವನಿಗೆ ಇನ್ನೊಬ್ಬನ ರಿಪೋರ್ಟ್ ಹೋಯಿತು. ಅವನು ಸಕ್ಕರೆ ಇಳಿಸುವ ಮಾತ್ರೆ ನುಂಗಿ, ನಾಲ್ಕನೆಯ ದಿನ ಶೇಂಗಾ ಹೊಲದಲ್ಲಿ ಎಚ್ಚರ ತಪ್ಪಿ ಬಿದ್ದ. ಕೂಡ್ಲಿಗಿಗೆ ಒಯ್ದು ಉಳಿಸಿಕೊಂಡರು. ಮರುದಿನ ಅವರ ಮನೆಯವರು ಲ್ಯಾಬಿನ ಬಾಗಿಲಿಗೆ ಬಂದು ನಿಂತಾಗ ಮಾಲೀಕರು, "ಯಾರು ತಗದಿದ್ರಿ ಇದನ್ನ?" ಎಂದು ಕೇಳಿದರು. ನಾನು ರಿಜಿಸ್ಟರಿನಲ್ಲಿ ಏನೋ ಹುಡುಕುವವಳಂತೆ ತಲೆ ಬಗ್ಗಿಸಿದೆ. ಮೇಡಂ ನನ್ನ ಕಡೆ ಒಮ್ಮೆ ನೋಡಿ, "ನಂದ ತಪ್ಪು" ಎಂದರು. ಆ ಕ್ಷಣಕ್ಕೆ ನನ್ನನ್ನು ಬಚಾವು ಮಾಡಿದರು, ಸಂಜೆಯೊಳಗೆ ನಾನೇ ಬಾಯಿ ಬಿಡುತ್ತೇನೆ ಎಂದು ಕಾದರು. ನಾನು ಬಿಡಲಿಲ್ಲ. ತಿಂಗಳ ಕೊನೆಗೆ ಅವರನ್ನು ಕೆಲಸದಿಂದ ತೆಗೆದರು.

ಅದಾಗಿ ಕೆಲವು ವಾರಗಳಿಗೆ ದಾವಣಗೆರೆಯ ಒಂದು ಲ್ಯಾಬಿನವರಿಂದ ಫೋನ್ ಬಂತು. ಮೇಡಂ ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಿ ನನ್ನ ನಂಬರ್ ಕೊಟ್ಟಿದ್ದರು. ಆಕೆಯ ಕೆಲಸ ಹೇಗೆ ಎಂದು ಕೇಳಿದರು. ಚೆನ್ನಾಗಿದೆ ಎಂದರೆ, ಮತ್ತೆ ಯಾಕೆ ತೆಗೆದರು ಎಂದು ಕೇಳುತ್ತಾರಲ್ಲ. "ನನಗ ಅಷ್ಟು ಗೊತ್ತಿಲ್ರಿ" ಎಂದುಬಿಟ್ಟೆ. ಅವರಿಗೆ ಆ ಕೆಲಸ ಸಿಗಲಿಲ್ಲ, ಮುಂದೆ ಯಾವ ಲ್ಯಾಬಿನಲ್ಲೂ ಸಿಗಲಿಲ್ಲ.

ಅವತ್ತಿನಿಂದ ಅವರು ನನ್ನನ್ನು ಬಿಟ್ಟು ಹೋಗಿಲ್ಲ. ಹಾಡಹಗಲು, ಬೆಂಚು ತುಂಬ ಜನ ಕೂತಿರುವಾಗ, ನಾನು ಯಾರದೋ ತೋಳಿಗೆ ರಬ್ಬರ್ ಪಟ್ಟಿ ಬಿಗಿಯುತ್ತಿದ್ದಂತೆ ಬೆನ್ನ ಹಿಂದೆ ಅವರ ಬಳೆ ಸದ್ದಾಗುತ್ತದೆ. ತಿರುಗಿ ನೋಡಿದರೆ ಫ್ರಿಜ್ ಇರುತ್ತದೆ. ದಿನಕ್ಕೆ ಐವತ್ತು ಸಲವಾದರೂ ತಿರುಗಿದ್ದೇನೆ. ನಿಮಗೆ ಕತ್ತು ನೋವಾ ಎಂದು ಜನ ಕೇಳುತ್ತಾರೆ, ಹೌದು ಅನ್ನುತ್ತೇನೆ.

ಮೂರನೆಯ ಚೌಕ ತುಂಬಲು ಮೂರು ದಿನವಷ್ಟೇ ಉಳಿದಿದ್ದಾಗ ಹಡಗಲಿಗೆ ಹೋದೆ. ಅಲ್ಲಿ ಮೇಡಂ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಮಂದಿಯ ಅರ್ಜಿ ತುಂಬಿಕೊಡುತ್ತಿದ್ದರು. ನನ್ನನ್ನು ಕಂಡು ಸ್ಟೂಲು ತೋರಿಸಿದರು. ಅರ್ಜಿ ಕೊಟ್ಟೆ. ಕೊನೆಯ ಪುಟಕ್ಕೆ ನೇರ ಹೋದರು.

"ದಾವಣಗೆರೆಯವರು ನನಗ ಹೇಳಿದ್ರು" ಎಂದರು, ತಲೆ ಎತ್ತದೆ. "ನೀನು ಏನಂದಿ ಅಂತ."

ಗೊತ್ತಿತ್ತು. ಎಂಟು ವರ್ಷ ಅವರಿಗೆ ಗೊತ್ತಿತ್ತು. ನನಗೆ ನೆಲ ಬಿರಿದು ಒಳಗೆ ಹೋಗಬೇಕೆನಿಸಿತು. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ತಂದರು.

"ಅದು ಬ್ಯಾಡ. ನನ್ನ ನಂಬರ್ ಬರ್ಕೊ. ನಿನ್ನ ಕೈ ಹೆಂಗದಾವ ಅಂತ ಕೇಳಿದ್ರ ಇದ್ದದ್ದು ಹೇಳ್ತೀನಿ. ಚಲೋ ಅದಾವ. ಬಾಯಿ ಬಗ್ಗೆ ಕೇಳಿದ್ರ, ಅದನ್ನ ನೀನ ಹೇಳಬೇಕಾಗ್ತೈತಿ."

ಮರುವಾರ ಆಸ್ಪತ್ರೆಯ ದೊಡ್ಡ ಡಾಕ್ಟರ ಎದುರು ಕೂತೆ. ಸೌಮ್ಯ ಮನುಷ್ಯ. "ಆ ಮೇಡಂ ನಿಮ್ ಬಗ್ಗೆ ಭಾಳ ಚೆನ್ನಾಗಿ ಹೇಳಿದ್ರು. ಅವರು ಆ ಲ್ಯಾಬ್ ಯಾಕೆ ಬಿಟ್ರು ಅಂತ ಕೇಳಿದೆ. ಅದನ್ನ ನಿಮ್ಮನ್ನೇ ಕೇಳ್ಬೇಕು ಅಂದ್ರು."

ಬೆನ್ನ ಹಿಂದೆ ಯಾರೋ ನಿಂತಂತಾಯಿತು. ಈ ಸಲ ತಿರುಗಲಿಲ್ಲ. ಹೇಳಿದೆ: ಜೇಬು, ಟ್ಯೂಬು, ಮಾಲೀಕರ ಪ್ರಶ್ನೆ, ದಾವಣಗೆರೆಯ ಫೋನು, ಎಲ್ಲ. ಎಂಟು ವರ್ಷ ನುಂಗಿಕೊಂಡಿದ್ದು ಐದು ನಿಮಿಷದಲ್ಲಿ ಮುಗಿದುಹೋಯಿತು, ಅದೇ ನನಗೆ ನಾಚಿಕೆ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಆ ಮನುಷ್ಯ ಈಗ ಹೆಂಗಿದಾನೆ?"

"ಆರಾಮ ಅದಾನ್ರಿ. ಹೊಲಕ್ಕೆ ಹೋಗ್ತಾನ."

"ಆ ಮೇಡಂ?"

"ಹಡಗಲ್ಯಾಗ ಮಂದಿ ಅರ್ಜಿ ತುಂಬ್ತಾರ್ರಿ" ಎಂದೆ.

ಎರಡು ದಿನದ ಮೇಲೆ ಕರೆ ಬಂತು. ಕೆಲಸ ನನಗೇ ಕೊಟ್ಟಿದ್ದರು. ಕೂಡಲೇ ಹಡಗಲಿಗೆ ಫೋನ್ ಮಾಡಿದೆ. ಮೇಡಂ ಎತ್ತಿದರು, ಕೆಲಸ ಆಯಿತು ಎಂದೆ.

"ನಿಜ ಹೇಳಿದ್ಯೇನು?"

"ಹೇಳಿದೆ, ಮೇಡಂ."

"ಅವತ್ತ ಹೇಳಿದ್ರೂ ಕಿರಿಯಾಕಿ ಅಂತ ಬೈದು ಬಿಡ್ತಿದ್ರು, ನಿನ್ನ ಕೆಲಸ ಹೋಗ್ತಿದ್ದಿಲ್ಲ, ನೋಡು" ಎಂದು ಫೋನ್ ಇಟ್ಟರು.