ಮಗಳ ಆಟದ ಬಗ್ಗೆ ನಾನು ಹೇಳಿದ ಮಾತು

ಮಗಳು ಐಸ್ ಹಾಕಿ ಆಡತೊಡಗಿದ್ದು ನಾವು ಜರ್ಮನಿಗೆ ಬಂದ ಮೊದಲ ಚಳಿಗಾಲದಲ್ಲಿ, ಶಾಲೆಯ ಗೆಳತಿಯೊಬ್ಬಳ ಬೆನ್ನು ಹತ್ತಿ. ಗೆಳತಿ ಕೆಲವೇ ದಿನಗಳಲ್ಲಿ ಬಿಟ್ಟುಬಿಟ್ಟಳು. ಇವಳು ಬಿಡಲಿಲ್ಲ.

ಕಂಪ್ಯೂಟರ್ ಕೆಲಸದವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ಇದ್ದದ್ದು ನನ್ನ ಹೆಸರಿನಲ್ಲಿ. ಬೊಬ್ಲಿಂಗೆನ್‌ನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನನಗೆ ಕೆಲಸ. ಗಂಡನಿಗೆ ಕೆಲಸದ ಪರವಾನಗಿ ಸಿಗುವವರೆಗೆ ಕಾಯಬೇಕಿತ್ತು. ಹುಬ್ಬಳ್ಳಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಮನುಷ್ಯ ಇಲ್ಲಿ ಬೆಳಿಗ್ಗೆ ಜರ್ಮನ್ ಕ್ಲಾಸಿಗೆ ಹೋಗಿ, ಮಧ್ಯಾಹ್ನ ಅಡುಗೆ ಮಾಡಿ, ಸಂಜೆ ಮಗಳನ್ನೂ ಅವಳಷ್ಟೇ ಎತ್ತರದ ಚೀಲವನ್ನೂ ಕಾರಿಗೆ ಹಾಕಿಕೊಂಡು ಐಸ್ ಮೈದಾನಕ್ಕೆ ಹೋಗುತ್ತಿದ್ದರು. ಅವಳಿಗೆ ಆಗ ಹತ್ತು ವರ್ಷ. ಆ ವಯಸ್ಸಿನಲ್ಲಿ ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಆಡುತ್ತಾರೆ. ನಮ್ಮ ತಂಡದಲ್ಲಿ ಇವಳೊಬ್ಬಳೇ ಹುಡುಗಿ.

ನಾನು ಗದಗ-ಬೆಟಗೇರಿಯವಳು. ನಮ್ಮೂರಲ್ಲಿ ಹಾಕಿ ಎಂದರೆ ಕೆಂಪು ಮಣ್ಣು, ಬಿಸಿಲು, ಮೊಣಕಾಲಿನ ಗಾಯ. ಕಾಲೇಜು ಮುಗಿಯುವವರೆಗೂ ನಾನು ಹಾಫ್‌ಬ್ಯಾಕ್ ಆಡಿದವಳು. ಹಿಮದ ಮೇಲಿನ ಹಾಕಿ ಬೇರೆಯೇ ಆಟವೆಂದು ಮೊದಲು ಅನ್ನಿಸಿತ್ತು. ಚೆಂಡಿನ ಬದಲು ಪಕ್ ಎನ್ನುವ ಕಪ್ಪು ರಬ್ಬರಿನ ಬಿಲ್ಲೆ, ಕಾಲಿಗೆ ಸ್ಕೇಟು, ಸುತ್ತ ಹಲಗೆಯ ಗೋಡೆ. ಆದರೆ ಎರಡು ಪಂದ್ಯ ನೋಡುವಷ್ಟರಲ್ಲಿ ಒಳಗಿನ ಲೆಕ್ಕ ಅದೇ ಎಂದು ತಿಳಿಯಿತು. ಎಲ್ಲಿ ಜಾಗ ಖಾಲಿಯಾಗುತ್ತದೆ, ಯಾರು ಅದನ್ನು ಮೊದಲು ನೋಡುತ್ತಾರೆ, ಅಷ್ಟೇ.

ಒಂದು ಸಂಜೆ ಮಗಳು ಪಕ್ ಹಿಡಿದು ಕಣ್ಣು ಕೆಳಗಿಟ್ಟುಕೊಂಡೇ ಹೋಗುತ್ತಿದ್ದಾಗ ಹಲಗೆಯ ಗೋಡೆಯ ಆಚೆಯಿಂದ, "ತಲಿ ಎತ್ತು," ಅಂದೆ. ಕೋಚ್ ಹತ್ತಿರ ಬಂದು ಏನು ಹೇಳಿದಿರಿ ಎಂದು ಕೇಳಿದರು. ಜರ್ಮನ್‌ನಲ್ಲಿ ಹೇಳಿದೆ.

"ನಾನೂ ಆಗಿನಿಂದ ಅದನ್ನೇ ಹೇಳುತ್ತಿದ್ದೇನೆ," ಎಂದರು. "ನಿಮ್ಮ ಭಾಷೆಯಲ್ಲಿ ಹೇಳಿದರೆ ಕೇಳುತ್ತಾಳೆ."

ಕೋಚ್ ಯೌವನದಲ್ಲಿ ಚೆಕ್ ದೇಶದಿಂದ ಬಂದು ಇಲ್ಲೇ ನಿಂತವರು. ಹಗಲೆಲ್ಲ ಕಾರಿನ ಫ್ಯಾಕ್ಟರಿ, ಸಂಜೆ ಮಕ್ಕಳಿಗೆ ಆಟ. ನಾನು ಆಡಿದವಳೆಂದು ತಿಳಿದ ಮೇಲೆ ಪಂದ್ಯಗಳ ದಿನ ನನ್ನನ್ನು ಮೇಲಿನ ಮೆಟ್ಟಿಲ ಸಾಲಿಗೆ ಕಳಿಸತೊಡಗಿದರು. ಬೆಂಚಿನಿಂದ ಅವರಿಗೆ ಪೂರಾ ಆಟ ಕಾಣುತ್ತಿರಲಿಲ್ಲ. ಡಿಫೆನ್ಸ್ ಮಕ್ಕಳನ್ನು ನೋಡಿ ಏನು ಅನ್ನಿಸಿತು ಎಂದು ಆಮೇಲೆ ಹೇಳಬೇಕು. ಅವರು ನಂಬಿ ಕೇಳುತ್ತಿದ್ದರು. ನನಗೂ ಹೆಮ್ಮೆಯಿತ್ತು. ಆಫೀಸಿನಲ್ಲಿ ನನ್ನ ಜರ್ಮನ್ ಕೇಳಿ ಜನ ಇಂಗ್ಲಿಷಿಗೆ ಜಾರುತ್ತಿದ್ದರು. ಇಲ್ಲಿ ನಾನು ತಡವರಿಸಿ ಮುಗಿಸುವವರೆಗೂ ಒಬ್ಬರು ಕಾಯುತ್ತಿದ್ದರು.

ಡಿಫೆನ್ಸ್ ಆಡುವವರಲ್ಲಿ ಹೆಚ್ಚಿನವರು ತಮ್ಮ ಗೋಲಿನ ಮುಂದೆ ನಿಂತು ಕಾಯುವವರು. ನನ್ನ ಮಗಳು ಆ ಪೈಕಿ ಅಲ್ಲ. ತನ್ನ ಗೋಲಿನ ಹಿಂದಿನಿಂದ ಪಕ್ ಎತ್ತಿಕೊಂಡು, ಒಬ್ಬನನ್ನು ತಪ್ಪಿಸಿ, ಎದುರಾಳಿಯ ಭಾಗ ಶುರುವಾಗುವ ನೀಲಿ ಗೆರೆಯವರೆಗೂ ತಾನೇ ಒಯ್ಯುವವಳು. ಇಂಥ ಮಕ್ಕಳನ್ನು ತೂಗುವುದು ಕಷ್ಟ. ಮುಂದೆ ನುಗ್ಗುವುದು ಎಲ್ಲರ ಕಣ್ಣಿಗೂ ಬೀಳುತ್ತದೆ, ಚಪ್ಪಾಳೆಯೂ ಬೀಳುತ್ತದೆ. ನಾನು ನೋಡುತ್ತಿದ್ದದ್ದು ಬೇರೆ. ಹಿಮ್ಮುಖವಾಗಿ ಜಾರುವಾಗ ಸೊಂಟ ಎಷ್ಟು ತಗ್ಗುತ್ತದೆ. ಪಕ್ ಸಿಗುವ ಮೊದಲೇ ಒಮ್ಮೆ ಭುಜದ ಮೇಲಿಂದ ಸುತ್ತ ನೋಡುತ್ತಾಳೋ ಇಲ್ಲವೋ. ದಾರಿ ಮುಚ್ಚಿದ್ದಾಗ ಹಟ ಬಿಟ್ಟು ಜೊತೆಯವನಿಗೆ ಕೊಡುತ್ತಾಳೋ. ಎಲ್ಲಕ್ಕಿಂತ ಮುಖ್ಯ, ಮುಂದೆ ಹೋಗಿ ಪಕ್ ಕಳೆದುಕೊಂಡಾಗ ಏನು ಮಾಡುತ್ತಾಳೆ. ಕೆಲವು ಮಕ್ಕಳು ಅಲ್ಲೇ ನಿಂತು ರೆಫರಿಯತ್ತ ನೋಡುತ್ತಾರೆ. ಕೆಲವರು ಅರ್ಧ ಮನಸ್ಸಿನಿಂದ ತಿರುಗುತ್ತಾರೆ.

ನನ್ನ ಮಗಳು ಬರುತ್ತಿದ್ದಳು. ತಪ್ಪು ತನ್ನದು ಎಂದು ಗೊತ್ತಾದ ಕ್ಷಣ ತಿರುಗಿ, ತಲೆ ತಗ್ಗಿಸಿ, ಓಡುವ ಹುಡುಗನ ಒಳಮಗ್ಗುಲಿಗೆ ಬಂದು ಸೇರಿ, ಅವನನ್ನು ಗೋಡೆಯ ಕಡೆಗೆ ದೂಡುತ್ತಿದ್ದಳು. ಒಂದು ಪಂದ್ಯದಲ್ಲಂತೂ ತಾನೇ ಕಳೆದುಕೊಂಡ ಪಕ್ಕನ್ನು ತನ್ನ ಗೋಲಿನ ಬಾಯಲ್ಲಿ ಮಲಗಿ ತಡೆದಳು. ನನ್ನ ಪಕ್ಕದಲ್ಲಿ ಕೂತಿದ್ದ ಎದುರು ತಂಡದ ಹುಡುಗನೊಬ್ಬನ ಅಜ್ಜ ಎದ್ದು ನಿಂತು ಕೈ ತಟ್ಟಿದರು. ಇದನ್ನು ನಾನು ಕಣ್ಣಾರೆ ಕಂಡಿದ್ದೆ. ಮುಂದೆ ಹೇಳುವುದು ತಿಳಿಯಬೇಕಾದರೆ ಇದು ಗೊತ್ತಿರಬೇಕು.

ಎರಡನೆಯ ಚಳಿಗಾಲದ ಹೊತ್ತಿಗೆ ಕಂಪನಿ ಕುಸಿಯತೊಡಗಿತ್ತು. ಒಂದು ಮಧ್ಯಾಹ್ನ ಮ್ಯಾನೇಜರ್ ನನ್ನನ್ನು ಕರೆದು, ಈ ಪ್ರಾಜೆಕ್ಟ್ ಮುಗಿದರೆ ನಿನಗೆ ಕೊಡಲು ಇಲ್ಲಿ ಕೆಲಸವಿಲ್ಲ ಎಂದರು. ಆಗ ನಮ್ಮ ಥರದವರೆಲ್ಲರ ಮನೆಯಲ್ಲೂ ಇದೇ ಮಾತು. ಕೆಲಸ ಹೋದರೆ ಎಷ್ಟು ಕಾಲ ಇಲ್ಲಿ ಇರಲು ಬಿಡುತ್ತಾರೆ ಎಂಬುದಕ್ಕೆ ಔಸ್‌ಲೆಂಡರ್‌ಆಮ್ಟ್ ಎನ್ನುವ ವಿದೇಶಿಯರ ಕಚೇರಿಯಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ. ಸಿಂಡೆಲ್‌ಫಿಂಗೆನ್‌ನಲ್ಲಿದ್ದ ಮೈಸೂರಿನ ಒಂದು ಸಂಸಾರ ಆಗಲೇ ಸೋಫಾ ಮಾರಿ ಹೊರಟುಹೋಗಿತ್ತು.

"ಅಕೀಗೆ ಹೇಳೂಣು," ಎಂದರು ಗಂಡ. "ಈಗೇನ್ ಸಣ್ಣಾಕಿ ಅಲ್ಲ. ತಿಳೀತೈತಿ."

"ಈಗ ಬ್ಯಾಡ್ರಿ. ಖಾತ್ರಿ ಆದ ಮ್ಯಾಲ ಹೇಳಿದ್ರಾತು."

"ಖಾತ್ರಿ ಆದ ಮ್ಯಾಲ ಹೇಳಿದ್ರ ಅದು ಹೇಳಿದಂಗ ಆಗೂದಿಲ್ಲ, ಹುಕುಂ ಮಾಡಿದಂಗ ಆಗ್ತೈತಿ."

ಅವರು ಹೇಳಿದ್ದು ಸರಿ ಎಂದು ನನಗೂ ಗೊತ್ತಿತ್ತು. ಆದರೂ ಒಪ್ಪಲಿಲ್ಲ.

ಅದೇ ವಾರ ಕೋಚ್ ನನ್ನನ್ನು ಮೈದಾನದ ಕಾಫಿ ಅಂಗಡಿಗೆ ಕರೆದರು. ಪ್ರಾಂತದ ತಂಡಕ್ಕೆ ಮಕ್ಕಳನ್ನು ಆರಿಸುತ್ತಿದ್ದಾರೆ, ನಮ್ಮ ಕ್ಲಬ್ಬಿನಿಂದ ಒಬ್ಬ ಡಿಫೆನ್ಸ್ ಆಟಗಾರನನ್ನು ಕಳಿಸಬಹುದು ಎಂದರು. ಬೇಸಿಗೆಯಿಂದಲೇ ಶಿಬಿರ, ಬೇರೆ ಊರುಗಳಲ್ಲಿ ವಾಸ, ಮುಂದಿನ ವರ್ಷವಿಡೀ ಪಂದ್ಯ. ಅವರ ಮನಸ್ಸಿನಲ್ಲಿ ಇಬ್ಬರಿದ್ದರು. ಒಬ್ಬ ನಿಂತು ಆಡುವ ಗಟ್ಟಿ ಹುಡುಗ. ಇನ್ನೊಬ್ಬಳು ನನ್ನ ಮಗಳು.

"ಅವಳು ಮುಂದೆ ಹೋಗುವುದನ್ನು ನಾನು ನೋಡುತ್ತೇನೆ," ಎಂದರು. "ಪಕ್ ಹೋದ ಮೇಲೆ ನನ್ನ ಕಣ್ಣು ಪಕ್ಕಿನ ಹಿಂದೆ ಹೋಗುತ್ತದೆ. ನೀವು ಮೇಲಿನಿಂದ ಅವಳನ್ನು ನೋಡಿದ್ದೀರಿ. ವಾಪಸ್ ಬರುತ್ತಾಳೆಯೇ? ಬೇರೆ ಯಾವ ತಾಯಿಯನ್ನೂ ನಾನು ಇದನ್ನು ಕೇಳುವುದಿಲ್ಲ."

ನಾನು ಕಾಫಿ ಕಲಕಿದೆ. ಆರಿಸಿದರೆ ಅವಳು ಕುಣಿದಾಡುತ್ತಾಳೆ. ಶಿಬಿರಕ್ಕೆ ಹೋಗುತ್ತಾಳೆ. ಆಮೇಲೆ ಒಂದು ದಿನ ನಾನು ಅವಳನ್ನು ಅಲ್ಲಿಂದ ಎಬ್ಬಿಸಿಕೊಂಡು ಹುಬ್ಬಳ್ಳಿಗೆ ಕರೆದೊಯ್ಯಬೇಕು. ಅಲ್ಲಿ ಮಂಜುಗಡ್ಡೆ ಸಿಗುವುದು ಕಬ್ಬಿನ ಹಾಲಿನ ಗಾಡಿಯಲ್ಲಿ. ಬೇರು ಆಳಕ್ಕೆ ಇಳಿಯದಿದ್ದರೆ ಕೀಳುವುದು ಸುಲಭ ಎಂದು ಲೆಕ್ಕ ಹಾಕಿದೆ. ಅವಳಿಗೆ ಸುಲಭವಾಗಲಿ ಎಂದೇ ಹಾಗೆ ಯೋಚಿಸಿದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅವಳು ಅಳುವುದನ್ನು ನೋಡುವ ಧೈರ್ಯ ನನಗಿರಲಿಲ್ಲ ಎಂಬುದೇ ನಿಜಕ್ಕೆ ಹೆಚ್ಚು ಹತ್ತಿರ.

"ಇಲ್ಲ," ಅಂದೆ. "ಮುಂದೆ ಹೋದರೆ ಹಿಂದಿನದು ಮರೆಯುತ್ತಾಳೆ. ಇನ್ನೂ ತಯಾರಾಗಿಲ್ಲ."

ಕೋಚ್ ತಲೆಯಾಡಿಸಿದರು. ನನ್ನ ಪ್ರಾಮಾಣಿಕತೆಗೆ ಥ್ಯಾಂಕ್ಸ್ ಹೇಳಿದರು. ಕಾಫಿಯ ದುಡ್ಡು ಕೊಡಲು ನನ್ನನ್ನು ಬಿಡಲಿಲ್ಲ.

ಆ ಹುಡುಗ ಆಯ್ಕೆಯಾದ. ಮಗಳು ಒಂದೆರಡು ದಿನ ಮುಖ ಸಣ್ಣ ಮಾಡಿಕೊಂಡಿದ್ದು ಮತ್ತೆ ಸರಿಹೋದಳು. ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಕೋಚ್ ಒಳ್ಳೆಯ ಕೋಚ್. ನಾನು ತೋರಿಸಿದ ಕೊರತೆಯನ್ನು ತಿದ್ದಲು ಹೊರಟರು. ಅವಳನ್ನು ಪಕ್ಕಕ್ಕೆ ಕರೆದು, ನಿನ್ನ ಅಮ್ಮ ಮೇಲಿನಿಂದ ನೋಡಿದ್ದಾರೆ, ನುಗ್ಗುವ ಮುನ್ನ ಹಿಂದೆ ಯಾರಿದ್ದಾರೆ ನೋಡು, ಅನುಮಾನವಿದ್ದರೆ ಹೋಗಬೇಡ ಎಂದು ಹೇಳಿದರು. ಇದು ನನಗೆ ಗೊತ್ತಾದದ್ದು ಆಮೇಲೆ. ಮಗಳು ಮನೆಯಲ್ಲಿ ಆ ಮಾತೇ ಎತ್ತಲಿಲ್ಲ.

ಪ್ರಾಜೆಕ್ಟ್ ಮುಗಿಯುವ ಮೊದಲೇ ಸ್ಟುಟ್‌ಗಾರ್ಟ್‌ನ ಇನ್ನೊಂದು ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿತು. ಪರವಾನಗಿಯೂ ಬದಲಾಗಿ ಬಂತು. ಗಂಡ ಅಂದು ಹೋಳಿಗೆ ಮಾಡಿದರು. ನಾವು ಎಲ್ಲಿಗೂ ಹೋಗಬೇಕಾಗಿರಲಿಲ್ಲ.

ಆ ವಾರದ ಪಂದ್ಯಕ್ಕೆ ನಿರಾಳವಾಗಿ ಹೋಗಿ ಕೂತೆ. ಮಗಳಿಗೆ ಗೋಲಿನ ಹಿಂದೆ ಪಕ್ ಸಿಕ್ಕಿತು. ಮುಂದೆ ಅರ್ಧ ಮೈದಾನ ತೆರೆದಿತ್ತು. ಹೋಗು ಎಂದು ನನ್ನ ಕಾಲುಗಳೇ ಎದ್ದವು. ಅವಳು ಎರಡು ಹೆಜ್ಜೆ ಜಾರಿ ನಿಂತಳು. ಹಿಂದೆ ನೋಡಿದಳು. ಆಮೇಲೆ ತಲೆ ಎತ್ತಿ ಮೆಟ್ಟಿಲ ಸಾಲಿನತ್ತ, ನನ್ನತ್ತ ನೋಡಿ, ಪಕ್ಕನ್ನು ಗೋಡೆಗೆ ಬಡಿದು ಯಾರಿಗೋ ಕಳಿಸಿಬಿಟ್ಟಳು. ಸರಿ ಮಾಡಿದೆನಾ ಎಂದು ಕೇಳುವ ಹಾಗಿತ್ತು ಆ ನೋಟ. ಪಂದ್ಯದುದ್ದಕ್ಕೂ ಹೀಗೆಯೇ ಆಡಿದಳು. ತಪ್ಪೇ ಮಾಡಲಿಲ್ಲ. ಬೇರೆ ತಾಯಂದಿರು ಎಷ್ಟು ಬದಲಾಗಿದ್ದಾಳೆ, ಎಷ್ಟು ಜವಾಬ್ದಾರಿ ಬಂದಿದೆ ಎಂದು ಹೊಗಳಿದರು.

ಮಕ್ಕಳು ಬಟ್ಟೆ ಬದಲಿಸುತ್ತಿದ್ದಾಗ ಕೋಚ್ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ನನ್ನ ಜರ್ಮನ್ ಅಂದು ಎಂದಿಗಿಂತ ಹೆಚ್ಚು ತಡವರಿಸಿತು. ಅವರು ಮಧ್ಯೆ ಬಾಯಿ ಹಾಕಲಿಲ್ಲ.

"ಹೊರಡಬಹುದು ಎಂದು ನನಗೆ ಹೇಳಬಹುದಿತ್ತು," ಎಂದರು ಕೊನೆಗೆ. "ಆದರೂ ನಾನು ಅವಳನ್ನೇ ಕಳಿಸುತ್ತಿದ್ದೆ. ಒಂದೇ ಬೇಸಿಗೆಯಾದರೂ ಸರಿ."

"ಈಗ ಏನು ಮಾಡಲಿ?"

"ಸ್ಕೇಟಿಂಗ್ ತಪ್ಪಿದ್ದರೆ ನಾನು ತಿದ್ದುತ್ತೇನೆ. ಇದನ್ನು ನೀವು ಹೇಳಬೇಕು. ನನ್ನ ಕಡೆಯಿಂದ ಹೇಳಿಸಬೇಡಿ."

ಭಾನುವಾರ ಮಧ್ಯಾಹ್ನ ಅವಳು ಅಡುಗೆಮನೆಯ ಮೇಜಿನ ಹತ್ತಿರ ಕೂತು ಸ್ಟಿಕ್ಕಿಗೆ ಕಪ್ಪು ಟೇಪು ಸುತ್ತುತ್ತಿದ್ದಳು. ಗಂಡ ಪಾತ್ರೆ ತೊಳೆಯುತ್ತಿದ್ದರು, ನಾನು ಮಾತು ತೆಗೆದದ್ದೇ ನಲ್ಲಿ ಬಂದ್ ಮಾಡಿದರು. ಕಂಪನಿಯ ಸುದ್ದಿ, ಊರಿಗೆ ಹೋಗಬೇಕಾಗಬಹುದಿತ್ತು ಎಂಬುದು, ಕೋಚ್ ಕೇಳಿದ್ದು, ನಾನು ಹೇಳಿದ್ದು. ಅವಳು ಟೇಪು ಸುತ್ತುವುದನ್ನು ನಿಲ್ಲಿಸಲಿಲ್ಲ.

ಮನೆಯಲ್ಲಿ ಜರ್ಮನ್‌ನಲ್ಲೇ ಉತ್ತರ ಕೊಡುತ್ತಿದ್ದವಳು ಅಂದು ಕನ್ನಡದಲ್ಲಿ ಕೇಳಿದಳು: "ಹಂಗಾರ ನಾ ವಾಪಸ್ ಬರ್ತಿದ್ನಾ?"

"ಬರ್ತಿದ್ದಿ. ಪ್ರತಿ ಸಲಾನೂ ಬರ್ತಿದ್ದಿ."

"ನನಗ ಗೊತ್ತಿತ್ತು," ಅಂದಳು. "ಆದ್ರ ನೀ ಹೇಳೀದಿ ಅಂತ ಕೋಚ್ ಅಂದ ಮ್ಯಾಲ, ಬರ್ತಿರಲಿಲ್ಲೇನೋ ಅನ್ಕೊಂಡೆ."

ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಟೇಪು ಹರಿದು, ಸ್ಟಿಕ್ಕನ್ನು ಗೋಡೆಗೆ ಆನಿಸಿ ಎದ್ದಳು. ಬಾಗಿಲಲ್ಲಿ ನಿಂತು ಜರ್ಮನ್‌ನಲ್ಲಿ, ಇನ್ನು ಮೇಲೆ ನೀನು ಐಸ್ ಮೈದಾನದ ಒಳಗೆ ಬರಬೇಡ, ಆಟ ನೋಡಬೇಡ ಎಂದಳು.

ಆ ಚಳಿಗಾಲದ ಉಳಿದ ಪಂದ್ಯಗಳನ್ನೆಲ್ಲ ನಾನು ಪಾರ್ಕಿಂಗ್‌ನಲ್ಲಿ, ಕಾರಿನೊಳಗೆ ಕೂತು ಕಳೆದೆ. ಮನೆಯಲ್ಲೇ ಇರಬಹುದಿತ್ತು. ಇರಲಾಗಲಿಲ್ಲ. ಗೋಡೆಗೆ ಪಕ್ ಬಡಿಯುವ ಸದ್ದು, ಸೀಟಿ, ಒಮ್ಮೊಮ್ಮೆ ಜನರ ಕೂಗು ಅಲ್ಲಿಯವರೆಗೂ ಕೇಳುತ್ತಿತ್ತು. ಗಂಡ ಹೊರಗೆ ಬಂದು ವರದಿ ಕೊಡುತ್ತಿದ್ದರು.

"ಛಲೋ ಆಡಿದ್ಲು."

"ಮುಂದ ಹೋದ್ಲೇನ್ರಿ?"

"ಎಲ್ಲಾರೂ ಮುಂದ ಹಿಂದ ಓಡ್ಯಾಡ್ತಾರ. ನನಗೇನ್ ತಿಳೀತೈತಿ ಅದರಾಗ?"

ಮುಂದಿನ ವರ್ಷ ಪ್ರಾಂತದ ತಂಡಕ್ಕೆ ಮತ್ತೆ ಆಯ್ಕೆ ನಡೆಯಿತು. ಈ ಸಲ ಕೋಚ್ ಯಾರನ್ನೂ ಕೇಳದೆ ಮಗಳನ್ನೇ ಕಳಿಸಿದರು. ಅವಳು ಆಯ್ಕೆಯಾಗಲಿಲ್ಲ. ಕಾಲಿದೆ, ಕೈಯಿದೆ, ಆದರೆ ಹೊರಡುವ ಮುನ್ನ ಯೋಚಿಸುತ್ತಾಳೆ, ಅಷ್ಟರಲ್ಲಿ ದಾರಿ ಮುಚ್ಚಿಹೋಗುತ್ತದೆ ಎಂದು ಅಲ್ಲಿಯವರು ಹೇಳಿದರಂತೆ. ಹಿಂದಿನ ವರ್ಷವೇ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಕೋಚ್‌ರನ್ನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಕಂಡಾಗ ನಮಸ್ಕಾರವಿತ್ತು, ಹವಾಮಾನದ ಮಾತಿತ್ತು. ಮೇಲೆ ಹೋಗಿ ಕೂತು ನೋಡಿ ಎಂದು ಮತ್ತೆ ಅವರು ಹೇಳಲಿಲ್ಲ.

ಅಷ್ಟರಲ್ಲಿ ಗಂಡನಿಗೆ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತ್ತು, ಕೆಲವು ಶನಿವಾರವೂ ಹೋಗಬೇಕಿತ್ತು. ಅಂಥ ಒಂದು ಶನಿವಾರ ನಾನೇ ಮಗಳನ್ನು ಪಂದ್ಯಕ್ಕೆ ಬಿಟ್ಟು ಎಂದಿನಂತೆ ಕಾರಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವಳು ಪೂರಾ ಪೋಷಾಕಿನಲ್ಲಿ, ಸ್ಕೇಟಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿಕೊಂಡು, ಬಾತುಕೋಳಿಯ ಹಾಗೆ ನಡೆದು ಬಂದು ಕಿಟಕಿ ತಟ್ಟಿದಳು.

"ಬಾ," ಅಂದಳು. "ಅಲ್ಲೆ ನನ್ನ ಕಡೀಂದ ಒಬ್ರೂ ಇಲ್ಲ."

ಹೋದೆ. ಕೆಳಗಿನ ಸಾಲಿನ ಒಂದು ಮೂಲೆಯಲ್ಲಿ ಕೂತೆ. ಅವಳು ಎಚ್ಚರಿಕೆಯಿಂದ, ಚೆನ್ನಾಗಿ ಆಡಿದಳು. ಒಮ್ಮೆಯೂ ನೀಲಿ ಗೆರೆ ದಾಟಲಿಲ್ಲ.

ಶಾಲೆ ಮುಗಿಯುವವರೆಗೂ ಹಾಗೆಯೇ ಆಡಿದಳು. ಈಗ ಹ್ಯಾಂಬರ್ಗ್‌ನಲ್ಲಿ ಕೆಲಸಕ್ಕಿದ್ದಾಳೆ. ಹೋದ ವರ್ಷ ನಾವು ಹೋಗಿದ್ದಾಗ ಗೆಳೆಯರನ್ನು ಊಟಕ್ಕೆ ಕರೆದಿದ್ದಳು. ಊಟದ ನಡುವೆ ಯಾರೋ ಆಟದ ಮಾತು ತೆಗೆದರು. ಮಗಳು ಇಡೀ ಕಥೆಯನ್ನು ತಮಾಷೆ ಮಾಡಿ ಹೇಳಿದಳು, ತಾಯಿಯೇ ಮಗಳನ್ನು ತಂಡದಿಂದ ಹೊರಗಿಟ್ಟ ಕಥೆ. ನನ್ನ ಮುರುಕು ಜರ್ಮನ್ ಅನ್ನೂ ಅನುಕರಿಸಿದಳು. ಎಲ್ಲರೂ ನಕ್ಕರು, ಗಂಡನೂ ನಕ್ಕರು. ನಾನೂ ನಕ್ಕು, ತಟ್ಟೆಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಅವಳು ಹಿಂದೆಯೇ ಬಂದಳು.

"ಸಿಟ್ಟು ಬಂತೇನವ್ವಾ?"

"ನನಗ್ಯಾಕ ಸಿಟ್ಟು? ಸಿಟ್ಟು ಬರಬೇಕಾದಾಕಿ ನೀನು."

"ಬಂದಿತ್ತು. ಭಾಳ ದಿನ ಇತ್ತು," ಎಂದು ಅವಳು ಟವೆಲ್ ತೆಗೆದುಕೊಂಡು ನಾನು ತೊಳೆದಿಟ್ಟ ತಟ್ಟೆಗಳನ್ನು ಒರೆಸತೊಡಗಿದಳು. "ಈಗ ಕಥಿ ಹೇಳಿದ್ರ ಎಲ್ಲಾರೂ ನಗ್ತಾರ. ಅಷ್ಟ ಉಳದೈತಿ."

ಅವಳ ಮಟ್ಟಿಗೆ ಅದು ನಿಜವಿರಬಹುದು. ನಾನು ಇನ್ನೊಂದು ತಟ್ಟೆ ತೊಳೆದು ಅವಳ ಕೈಗೆ ಕೊಟ್ಟೆ. ಒಳಗಿನಿಂದ ಯಾರೋ ಅವಳನ್ನು ಕರೆದರು. ಇದೊಂದು ಮುಗಿಸಿ ಬಂದೆ ಎಂದು ಅವಳು ಅಲ್ಲಿಂದಲೇ ಉತ್ತರ ಕೊಟ್ಟಳು.