ಹಣ್ಣಾಗದ ಮೀನು

ಸಮುದ್ರವನ್ನು ನಾನು ಮೊದಲ ಸಲ ನೋಡಿದ್ದು ನಮ್ಮ ಮನೆಯ ನಡುಮನೆಯಲ್ಲಿ, ಹೊಲಿಗೆ ಯಂತ್ರದ ಪಕ್ಕ. ನಗಬೇಡಿ. ನಾನು ಹುಟ್ಟಿದ್ದು ಗೌರಿಬಿದನೂರಿನ ಕಡೆ, ಸೇರಿದ್ದು ಶಿಡ್ಲಘಟ್ಟದ ಪಕ್ಕದ ಹಳ್ಳಿಗೆ. ಈ ಎರಡರ ನಡುವೆ ಕೆರೆಗಳಿವೆ, ಕುಂಟೆಗಳಿವೆ, ಕೊರೆದಷ್ಟೂ ಕೆಳಗಿಳಿಯುವ ಬೋರ್‌ವೆಲ್‌ಗಳಿವೆ. ಸಮುದ್ರ ಮಾತ್ರ ಇಲ್ಲ. ಮಗಳು ಶ್ವೇತಾಳ ಓದಿಗೆಂದು ಚಿಕ್ಕಬಳ್ಳಾಪುರದಿಂದ ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರಿನ ತುಂಬ ಒಂದು ದಿನ ನೀಲಿ ನೀರು ನಿಂತುಕೊಂಡಿತು. ಬೆರಳುದ್ದದ ಒಂದು ಕಿತ್ತಳೆ ಬಣ್ಣದ ಮೀನು ಮೂಲೆಯಿಂದ ಈಜಿಬಂದು ನನ್ನ ಕಡೆ ನೋಡಿತು. ಯಾರೋ ಗೆಳತಿ ಕೊಟ್ಟ ಸಿ.ಡಿ.ಯಲ್ಲಿದ್ದ ಆಟವಂತೆ.

"ಮೌಸ್ ಹಿಡ್ಕೊಂಡು ಓಡಾಡಿಸಮ್ಮ. ಚಿಕ್ಕದ್ನೆಲ್ಲ ತಿನ್ನು, ದೊಡ್ಡದು ಬಂದ್ರೆ ಓಡು. ಅಷ್ಟೇ" ಎಂದು ಹೇಳಿ ಶ್ವೇತಾ ಟ್ಯೂಷನ್ನಿಗೆ ಹೋದಳು. ನಾನು ಪ್ರೈಮರಿ ಶಾಲೆಯ ಮೇಡಂ. ಐದು ಪಾಠ ಬೇಕಾಗುವ ವಿಷಯವನ್ನು ನನ್ನ ಮಗಳು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ್ದು ನೋಡಿ ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಬೇಸಿಗೆ ರಜೆ. ಕೈಯಲ್ಲಿ ಸಮಯವಿತ್ತು. ಮೀನು ತಿಂದಿತು, ಬೆಳೆಯಿತು. ಯಾವುದನ್ನು ಕಂಡು ಹತ್ತು ನಿಮಿಷದ ಹಿಂದೆ ಹೆದರಿ ಓಡಿದ್ದೆನೋ ಅದನ್ನೇ ಅಟ್ಟಿಸಿಕೊಂಡು ಹೋಗಿ ನುಂಗುವಷ್ಟು ದೊಡ್ಡದಾಯಿತು. ಇನ್ನೇನು ಇದಕ್ಕೆ ಹೊಟ್ಟೆ ತುಂಬಿತು ಅಂದುಕೊಳ್ಳುವಾಗ ನೀರಿನ ಬಣ್ಣ ಬದಲಾಗಿ, ಬೇರೆ ಸಮುದ್ರ ಬಂದು, ಅಲ್ಲಿ ಇದಕ್ಕಿಂತ ದೊಡ್ಡವು ಕಾದಿರುತ್ತಿದ್ದವು. ಇದು ಮತ್ತೆ ಚಿಕ್ಕದು, ಮತ್ತೆ ಹಸಿದದ್ದು. ಈ ಆಟದಲ್ಲಿ ಗೆಲ್ಲುವುದು ಎಂದರೆ ಏನು? ನನಗೆ ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲವೆಂದೇ ಇನ್ನೊಂದು ಸಲ ಆಡಿದೆ.

ಚಿಕ್ಕಂದಿನಲ್ಲಿ ಹರಿಕಥೆಯಲ್ಲಿ ಕೇಳಿದ್ದೆ. ಅರ್ಘ್ಯ ಬಿಡಲು ಹೋದ ರಾಜನೊಬ್ಬನ ಬೊಗಸೆಗೆ ಒಂದು ಮರಿಮೀನು ಬಂದಿತಂತೆ. ಕಾಪಾಡು ಅಂದಿತಂತೆ. ತಂಬಿಗೆಗೆ ಹಾಕಿದ, ತಂಬಿಗೆ ಸಾಲಲಿಲ್ಲ. ಕೊಳಕ್ಕೆ ಬಿಟ್ಟ, ಕೊಳ ಸಾಲಲಿಲ್ಲ. ಕೊನೆಗೆ ಸಮುದ್ರಕ್ಕೇ ಬಿಡಬೇಕಾಯಿತು. ಪ್ರಳಯ ಬಂದಾಗ ಆ ಮೀನು ಅವನ ದೋಣಿಯನ್ನು ಎಳೆದುಕೊಂಡು ಹೋಗಿ ಕಾಪಾಡಿತು. ಬೆಳೆದದ್ದಕ್ಕೆ ಒಂದು ಕಾರಣವಿತ್ತು ನೋಡಿ. ಶಾಸ್ತ್ರದಲ್ಲಿ ಇನ್ನೊಂದು ಮೀನಿನ ಮಾತೂ ಇದೆ, ದೊಡ್ಡದು ಚಿಕ್ಕದನ್ನು ನುಂಗುವ ಮತ್ಸ್ಯನ್ಯಾಯ. ನನ್ನ ಕಿತ್ತಳೆ ಮೀನು ಈ ಎರಡರಲ್ಲಿ ಯಾವ ಜಾತಿಗೆ ಸೇರಿದ್ದು ಎಂದು ಯೋಚಿಸುತ್ತ ಒಂದು ದಿನ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಯಜಮಾನರು ಮುದ್ದೆಯನ್ನು ಮಜ್ಜಿಗೆಯಲ್ಲಿ ಉಂಡು ಎದ್ದರು.

ಇಷ್ಟೇ ಆಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಆ ಮೀನಿಗಿಂತ ಹಳೆಯ ಹೊಟ್ಟೆಬಾಕ ಪ್ರಾಣಿಗಳು ಸಾವಿರಾರು ಇದ್ದವು. ಹಿತ್ತಲ ಕಡೆ ಹುಳುಮನೆ. ನಮ್ಮ ಸೀಮೆಯಲ್ಲಿ ರೇಷ್ಮೆ ಹುಳುವಿಗೆ ಮನುಷ್ಯರಿಗಿಂತ ಒಳ್ಳೆಯ ಮನೆ ಕಟ್ಟಿಸುತ್ತಾರೆ. ಮೊಟ್ಟೆಯೊಡೆದು ಬಂದಾಗ ಎಳ್ಳಿನ ಚೂರಿನಷ್ಟಿರುವ ಹುಳು ಹಿಪ್ಪುನೇರಳೆ ಸೊಪ್ಪನ್ನು ತಿಂದು ತಿಂದು ಬೆರಳಿನಷ್ಟಾಗುತ್ತದೆ. ನಡುವೆ ನಾಲ್ಕು ಸಲ ತಿನ್ನುವುದನ್ನು ಬಿಟ್ಟು, ತಲೆಯೆತ್ತಿ, ಅಲುಗಾಡದೆ ನಿಂತು ಚರ್ಮ ಕಳಚುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಹುಳು ಜ್ವರಕ್ಕೆ ಕೂತರೆ ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಅದು ತಿನ್ನುವುದನ್ನು ನೋಡಬೇಕು. ಆಮೇಲೆ ಒಂದು ದಿನ ಸಾಕು ಅನ್ನುತ್ತದೆ. ಮೈ ಹಳದಿ ತಿರುಗಿ, ಬೆಳಕಿಗೆ ಹಿಡಿದರೆ ದ್ರಾಕ್ಷಿಯ ಹಾಗೆ ಕಾಣುತ್ತದೆ. ಹಣ್ಣಾಯಿತು ಅನ್ನುತ್ತಾರೆ. ಹಣ್ಣಾದ ಹುಳುವನ್ನು ಕೂಡಲೇ ಆರಿಸಿ, ಬಿದಿರಿನ ಚಂದ್ರಿಕೆಯ ಮೇಲೆ ಬಿಟ್ಟರೆ ಅಲ್ಲಿ ಗೂಡು ಕಟ್ಟುತ್ತದೆ. ತಡವಾದರೆ ಇದ್ದಲ್ಲೇ, ಸೊಪ್ಪಿನ ಕೆಳಗೋ ಕಸದ ನಡುವೆಯೋ ಕಟ್ಟಿಬಿಡುತ್ತದೆ. ಅಂಥ ಗೂಡಿಗೆ ಕಲೆ ಹಿಡಿಯುತ್ತದೆ, ನೂಲು ಸರಿಯಾಗಿ ಬಿಚ್ಚುವುದಿಲ್ಲ.

ಇದನ್ನೆಲ್ಲ ಬಲ್ಲವಳ ಹಾಗೆ ಹೇಳುತ್ತಿದ್ದೇನೆ. ನಿಜ ಹೇಳಬೇಕೆಂದರೆ ಆ ಮನೆಗೆ ಸೊಸೆಯಾಗಿ ಹತ್ತೊಂಬತ್ತು ವರ್ಷವಾದರೂ ನಾನು ಹುಳುಮನೆಯೊಳಗೆ ಕೂತವಳಲ್ಲ. ಮದುವೆಯಾದ ಹೊಸದರಲ್ಲಿ ಒಂದು ಸಲ ಮುಖಕ್ಕೆ ಘಮಘಮ ಪೌಡರ್ ಹಚ್ಚಿಕೊಂಡು ಒಳಗೆ ಹೋಗಿದ್ದೆ. ಆ ಸಲದ ಬೆಳೆ ಕೈಕೊಟ್ಟಿತು. ಪೌಡರಿಗೆ ಹುಳು ಸಾಯುತ್ತದೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ, ಅತ್ತೆಗೆ ಅವತ್ತೇ ಗೊತ್ತಿತ್ತು. "ನಿನ್ನ ಕೈ ಅಡುಗೆಗೆ ಒಳ್ಳೇದು ಗಿರಿಜಮ್ಮ" ಎಂದರು, ಅಷ್ಟೇ. ಅಂದಿನಿಂದ ಹುಳು ಹಣ್ಣಾಗುವ ದಿನ ಊರಿನ ಹೆಂಗಸರೆಲ್ಲ ಒಳಗೆ ಕೂತು ಹರಟುತ್ತ ಹುಳು ಆರಿಸುವಾಗ, ನಾನು ಗೋಡೆಯ ಈಚೆ ಅಷ್ಟೂ ಜನಕ್ಕೆ ಅಡುಗೆ ಮಾಡುತ್ತಿದ್ದೆ. ಅವರ ನಗು ಕೇಳಿಸುತ್ತಿತ್ತು. ಯಾತಕ್ಕೆ ನಕ್ಕರೆಂದು ತಿಳಿಯುತ್ತಿರಲಿಲ್ಲ. ಹೊಟ್ಟೆ ಉರಿಯುತ್ತಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಅತ್ತೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳಬೇಕು. ಅವರ ತವರು ಚಿಂತಾಮಣಿಯಿಂದಾಚೆ, ಆಂಧ್ರದ ಗಡಿಗೆ ಹತ್ತಿರ. ಅವರಿಗೆ ಕೋಪ ಬಂದರೆ ಕನ್ನಡ, ಕನಿಕರ ಬಂದರೆ ತೆಲುಗು. ಪೌಡರಿನ ದಿನ ಕನ್ನಡವಾಗಿತ್ತು.

ಆ ರಜೆಯಲ್ಲಿ ಅತ್ತೆಯ ತಂಗಿ ಚಿಂತಾಮಣಿಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡರು. ಆ ದಿನಕ್ಕೆ ಹುಳು ನಾಲ್ಕನೇ ಜ್ವರ ಎದ್ದು ಆರನೇ ದಿನ ಆಗುತ್ತಿತ್ತು. ಹೋಗದಿದ್ದರೆ ತಂಗಿ ಮುನಿಸಿಕೊಳ್ಳುತ್ತಾರೆ, ಹೋದರೆ ಹುಳು ನೋಡುವವರಿಲ್ಲ. ಅತ್ತೆ ಎರಡು ದಿನ ಯೋಚಿಸಿದರು. ಕೊನೆಗೆ ಹೊರಡುವ ಬೆಳಿಗ್ಗೆ ಯಜಮಾನರ ಜೊತೆ ಹುಳುಮನೆಯ ಬಾಗಿಲಲ್ಲಿ ನಿಂತು ನನ್ನನ್ನು ಕರೆದರು.

"ನಾನೂ ಇವನೂ ಸಂಜೆಗೆ ಬಂದ್ಬಿಡ್ತೀವಿ. ಇನ್ನೂ ಎರಡು ದಿನ ತಿನ್ತವೆ, ಇವತ್ತೇನೂ ಆಗಲ್ಲ. ಹನ್ನೊಂದಕ್ಕೊಂದು ಸಲ, ನಾಲ್ಕಕ್ಕೊಂದು ಸಲ ಸೊಪ್ಪು ಹಾಕು. ಮಧ್ಯೆ ಮಧ್ಯೆ ಬಂದು ನೋಡ್ತಾ ಇರು. ಸೆಖೆ ಜಾಸ್ತಿಯಾದ್ರೆ ಮುಂಚೇನೇ ಹಣ್ಣಾಗ್ಬಿಡ್ತವೆ. ಏನಾದ್ರೂ ಬೇರೆ ಥರ ಕಂಡ್ರೆ ಇವನ ಫೋನಿಗೆ ಮಾಡು."

"ಆಯ್ತು ಅತ್ತೆ, ನೋಡ್ಕೋತೀನಿ" ಎಂದೆ. ಹತ್ತೊಂಬತ್ತು ವರ್ಷದ ಮೇಲೆ ಬಾಗಿಲು ತೆರೆದಿತ್ತು. ಇದೊಂದು ದಿನ ಸರಿಯಾಗಿ ನಡೆದರೆ ಮುಂದಿನ ಬೆಳೆಗೆ ಗೋಡೆಯ ಆಚೆ ನನಗೂ ಒಂದು ಜಾಗ ಇರುತ್ತದೆ ಎಂದು ಮನಸ್ಸು ಲೆಕ್ಕ ಹಾಕಿತು. ಸೋಪು ಹಚ್ಚದೆ ಬರೀ ನೀರಲ್ಲಿ ಸ್ನಾನ ಮಾಡಿದೆ. ಹೂ ಮುಡಿಯಲಿಲ್ಲ. ಹನ್ನೊಂದಕ್ಕೆ ಸರಿಯಾಗಿ ಸೊಪ್ಪು ಹಾಕಿದೆ. ಹುಳು ಸಾಕುವ ಹದಿನೆಂಟು ತಟ್ಟೆಗಳಲ್ಲೂ ಕರಕರ ಸದ್ದು ಎದ್ದಿತು. ಅದನ್ನು ಕೇಳುತ್ತ ನಿಂತಿದ್ದಾಗ ಕಣ್ಣಲ್ಲಿ ನೀರು ಬಂತು.

ಆಮೇಲೆ ಅರ್ಧ ಗಂಟೆ ಆಡೋಣ ಎಂದು ಕಂಪ್ಯೂಟರಿನ ಮುಂದೆ ಕೂತೆ.

ದಿನಾ ಮಧ್ಯಾಹ್ನ ತಪ್ಪದೆ ಹೋಗುವ ಕರೆಂಟು ಅವತ್ತು ಹೋಗಲಿಲ್ಲ. ಬೇಡವೆಂದಾಗೆಲ್ಲ ಹೋಗಿ, ಹೋಗಬೇಕಾದಾಗ ಹೋಗದ ಕರೆಂಟನ್ನು ಏನೆನ್ನಬೇಕೋ ತಿಳಿಯದು. ನನ್ನ ಮೀನು ಅಂದು ಯಾವತ್ತೂ ಮುಟ್ಟದಿದ್ದ ಸಮುದ್ರ ಮುಟ್ಟಿತು. ಶಾರ್ಕಿನಂಥ ಒಂದರ ಬಾಲ ಕಚ್ಚಿತು. ಪರದೆಯ ತುಂಬ ಬಾಯಿಗಳು, ಎಲ್ಲವೂ ತೆರೆದೇ ಇದ್ದವು. ಗಡಿಯಾರ ನೋಡಿದಾಗ ನಾಲ್ಕು ಹತ್ತು.

ಓಡಿದೆ. ಹುಳುಮನೆಯಲ್ಲಿ ಸದ್ದಿರಲಿಲ್ಲ. ಐದಾರು ತಟ್ಟೆಗಳಲ್ಲಿ ಹುಳುಗಳು ತಲೆ ಮೇಲೆತ್ತಿ ಅತ್ತ ಇತ್ತ ಆಡಿಸುತ್ತಿದ್ದವು, ಕೆಲವು ತಟ್ಟೆಯ ಅಂಚಿಗೆ ಬಂದಿದ್ದವು. ಅಯ್ಯೋ ಪಾಪ, ಹತ್ತು ನಿಮಿಷ ತಡವಾದದ್ದಕ್ಕೆ ಎಷ್ಟು ಹಸಿದಿವೆ, ಹೇಗೆ ಬೇಡುತ್ತಿವೆ ಎಂದುಕೊಂಡೆ. ಐದು ಗಂಟೆ ಕಾಲ ಬಾಯಿಗಳನ್ನೇ ನೋಡಿ ಬಂದ ಕಣ್ಣು ಅದು. ತಲೆ ಎತ್ತಿದ್ದೆಲ್ಲ ಅದಕ್ಕೆ ಹಸಿವಾಗಿಯೇ ಕಂಡಿತು. ಬುಟ್ಟಿಯಲ್ಲಿದ್ದ ಸೊಪ್ಪನ್ನೆಲ್ಲ ತಂದು, ಬೇರೆ ತಟ್ಟೆಗಳಿಗಿಂತ ಎರಡರಷ್ಟು ಆ ಐದಾರು ತಟ್ಟೆಗಳ ಮೇಲೆ ಸುರಿದೆ. ತಾಯಿಯ ಹಾಗೆ ಸುರಿದೆ. ಹಸಿರಿನ ಕೆಳಗೆ ಎಲ್ಲವೂ ಮುಚ್ಚಿಹೋದವು. ಮನಸ್ಸಿಗೆ ತಂಪಾಯಿತು.

ಆರೂವರೆಗೆ ಅತ್ತೆ ಬಂದರು. ಕಾಲು ತೊಳೆದುಕೊಂಡು, ಗೃಹಪ್ರವೇಶದ ರೇಷ್ಮೆ ಸೀರೆ ಬಿಚ್ಚಿ ಹಳೇ ಸೀರೆ ಉಟ್ಟು ನೇರ ಹುಳುಮನೆಗೆ ನಡೆದರು. ನಾನು ಹಿಂದೆಯೇ ಹೋಗಿ, "ಆ ಕಡೆಯವಕ್ಕೆ ತುಂಬಾ ಹಸಿವಾಗಿತ್ತು ಅತ್ತೆ, ಜಾಸ್ತಿನೇ ಹಾಕಿದೀನಿ" ಎಂದೆ. ಅತ್ತೆ ಬಗ್ಗಿ ಒಂದು ತಟ್ಟೆಯ ಸೊಪ್ಪನ್ನು ಎತ್ತಿದರು. ಎಲೆಗಳು ಒಂದಕ್ಕೊಂದು ಅಂಟಿಕೊಂಡು ಬಂದವು. ನಡುವೆ ಎಳೆ ಎಳೆಯಾಗಿ ಹಳದಿ ನೂಲು.

ನಾನು ಕನ್ನಡಕ್ಕೆ ಕಾದೆ. ಬರಲಿಲ್ಲ. ತೆಲುಗೂ ಬರಲಿಲ್ಲ. ಅತ್ತೆ ಇನ್ನೊಂದು ತಟ್ಟೆ ನೋಡಿದರು, ಮತ್ತೊಂದು ನೋಡಿದರು. ನನಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಅಭ್ಯಾಸಬಲದಿಂದ, ಅಡುಗೆ ಮನೆಯ ಕಡೆ ತಿರುಗಿದೆ.

"ಎಲ್ಲಿಗೆ ಹೋಗ್ತೀಯ? ಬಾ, ಕೂತ್ಕೋ" ಎಂದರು.

ಕೂತೆ. ಒಂದು ಹುಳುವನ್ನು ನನ್ನ ಅಂಗೈ ಮೇಲಿಟ್ಟರು. "ತಲೆ ಎತ್ತಿದ್ದೆಲ್ಲಾ ಒಂದೇ ಅಲ್ಲಮ್ಮ. ಅಲ್ಲಾಡ್ದೆ ಎತ್ತಿದ್ರೆ ಜ್ವರ. ಸೊಪ್ಪು ತೋರ್ಸಿದ ಕಡೆ ಬಂದ್ರೆ ಹಸಿವು. ಸೊಪ್ಪಿನ ಮೇಲೇ ನಿಂತು ಎಲ್ಲೋ ಹುಡುಕ್ತಾ ಇದ್ರೆ ಹಣ್ಣು. ಬಲ್ಬಿಗೆ ಹಿಡಿದು ನೋಡು." ಹಿಡಿದೆ. ಅದು ದ್ರಾಕ್ಷಿಯ ಹಾಗೆಯೇ ಇತ್ತು. ಗೋಡೆಯಾಚೆ ಹತ್ತೊಂಬತ್ತು ವರ್ಷ ಕೇಳಿದ ಮಾತು ಮೊದಲ ಸಲ ಕಣ್ಣಿಗೆ ಬಿತ್ತು. ಯಜಮಾನರು ಅಕ್ಕಪಕ್ಕದ ನಾಲ್ಕು ಹೆಂಗಸರನ್ನು ಕರೆತಂದರು, ಟ್ಯೂಷನ್ನಿಂದ ಬಂದ ಶ್ವೇತಾ ಎಲ್ಲರಿಗೂ ಉಪ್ಪಿಟ್ಟು ಮಾಡಿದಳು. ಉಳಿದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಟ್ಟೆವು. ಐದು ತಟ್ಟೆ ಮಾತ್ರ ಕೈಬಿಟ್ಟು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ನಾನಂತೂ ಬಾಯಿಗೆ ಬೇಡವಾದ ತುತ್ತನ್ನು ತುರುಕಿ ಕೆಡಿಸಿದ್ದೆ. ಹೆಂಗಸರು ಏನೋ ಹೇಳಿಕೊಂಡು ನಕ್ಕರು. ಹತ್ತಿರದಲ್ಲೇ ಕೂತಿದ್ದರೂ ಯಾತಕ್ಕೆ ನಕ್ಕರೆಂದು ನನಗೆ ತಿಳಿಯಲಿಲ್ಲ. ಬಹುಶಃ ನನ್ನ ವಿಷಯವೇ ಇರಬೇಕು.

ಮಾರನೆಯ ದಿನ ಅತ್ತೆ ಕೇಳಿದರು, "ನಿನ್ನೆ ಮಧ್ಯಾಹ್ನ ಏನು ಮಾಡ್ತಿದ್ದೆ?" ಸುಳ್ಳು ಹೇಳಬಹುದಿತ್ತು. ತಲೆನೋವು ಅನ್ನಬಹುದಿತ್ತು. ಏಕೋ ನಿಜವೇ ಬಂದುಬಿಟ್ಟಿತು. "ಮೀನಿನ ಆಟ ಆಡ್ತಿದ್ದೆ ಅತ್ತೆ." ಬೈದಿದ್ದರೆ ಚೆನ್ನಾಗಿತ್ತು. ಅವರು, "ಅದೇನು ತೋರ್ಸು" ಎಂದು ಕುರ್ಚಿ ಎಳೆದುಕೊಂಡು ಕೂತರು.

ಮೌಸ್ ಹಿಡಿದೆ. ಬೆರಳುದ್ದದ ಮೀನು ಬಂದು ತಿನ್ನತೊಡಗಿತು. ಅತ್ತೆ ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರ ಮುಖದಲ್ಲಿ ಹುಳುಮನೆಯಲ್ಲಿರುವ ಗಮನವೇ ಇತ್ತು. ಮೀನು ದೊಡ್ಡದಾಗಿ ನೀರು ಬದಲಾಗುವ ಮೊದಲು ಪರದೆ ಒಂದು ಗಳಿಗೆ ಸುಮ್ಮನಾಯಿತು. "ಜ್ವರಕ್ಕೆ ಕೂತಿದೆ, ಮುಟ್ಬೇಡ" ಎಂದು ನನ್ನ ಕೈ ಹಿಡಿದರು. ನಾನು ಮುಟ್ಟಲಿಲ್ಲ. ನಿಮಿಷ ಬಿಟ್ಟು ಅವರೇ, "ಹೂಂ, ಈಗ ಹಾಕು" ಎಂದರು. ಹೀಗೆ ಒಂದು, ಎರಡು, ಮೂರು, ನಾಲ್ಕು ಜ್ವರ ಎಣಿಸಿದರು. ನಾಲ್ಕನೆಯದು ಎದ್ದ ಮೇಲೆ ಕುರ್ಚಿಯನ್ನು ಇನ್ನೂ ಹತ್ತಿರ ಎಳೆದುಕೊಂಡರು. ಮೀನು ತಿನ್ನುತ್ತಲೇ ಇತ್ತು. ಐದನೇ ಸಲ ನೀರು ಬದಲಾಯಿತು. ಆರನೇ ಸಲವೂ ಬದಲಾಯಿತು.

"ಇದು ಯಾವಾಗ ಹಣ್ಣಾಗುತ್ತೆ?"

"ಇದು ಹಣ್ಣಾಗಲ್ಲ ಅತ್ತೆ."

"ಅಂದ್ರೆ?"

"ತಿನ್ತಾನೇ ಇರುತ್ತೆ. ಕೊನೇಲಿ ಮತ್ತೆ ಮೊದಲಿಂದ, ಚಿಕ್ಕ ಮೀನಾಗಿ."

"ಏನೂ ಕಟ್ಟಲ್ವಾ?"

"ಇಲ್ಲ."

ಅತ್ತೆಗೆ ಅದು ಅರ್ಥವಾಗಲಿಲ್ಲ. ನನಗೆ ಅರ್ಥವಾಗದೇ ಇದ್ದದ್ದೂ ಅದೇ ಎಂದು ಆಗ ತಿಳಿಯಿತು. ಇಷ್ಟು ದಿನ ಇಬ್ಬರೂ ಬೇರೆ ಬೇರೆ ಮನೆಯವರ ಹಾಗೆ ಬದುಕಿದ್ದೆವು, ಒಂದೇ ಗೊಂದಲದ ಮುಂದೆ ಜೊತೆಗೆ ಕೂತದ್ದು ಅವತ್ತೇ. ಅವರು ಬಹಳ ಹೊತ್ತು ಪರದೆ ನೋಡಿ, ಎದ್ದು ನಿಂತು, ಮೆಲ್ಲಗೆ "ಪಾಪಂ" ಎಂದರು. ತೆಲುಗಿನಲ್ಲಿ. ಮೀನಿಗೆ ಹೇಳಿದರೋ ನನಗೆ ಹೇಳಿದರೋ ಕೇಳುವ ಧೈರ್ಯ ನನಗಾಗಲಿಲ್ಲ.

ಮುಂದಿನ ಬೆಳೆಯಲ್ಲಿ, ಹುಳು ನಾಲ್ಕನೇ ಜ್ವರ ಎದ್ದ ಏಳನೇ ದಿನ, ಒಗ್ಗರಣೆಗೆ ಎಣ್ಣೆ ಇಟ್ಟಿದ್ದೆ. ಹುಳುಮನೆಯಿಂದ ಕರೆ ಬಂತು. "ಒಲೆ ಆರಿಸಿ ಬಾ ಗಿರಿಜಮ್ಮ, ಅಡುಗೆ ಶ್ವೇತಾ ನೋಡ್ಕೋತಾಳೆ." ಸೊಪ್ಪಿನ ಬುಟ್ಟಿ ಎತ್ತಿಕೊಂಡು ಹೋದೆ. ಮೊದಲನೇ ತಟ್ಟೆಯಲ್ಲಿ ಒಂದು ಹುಳು ಸೊಪ್ಪಿನ ಮೇಲೆ ನಿಂತು ತಲೆಯೆತ್ತಿ ಆಡಿಸುತ್ತಿತ್ತು. ಅತ್ತೆ ನನ್ನ ಮುಖ ನೋಡಿದರು. ಹಸಿವೋ ಹಣ್ಣೋ, ನಿಜವಾಗಿ ನನಗೆ ಆಗಲೂ ಖಾತ್ರಿಯಿರಲಿಲ್ಲ. ಕೈಯಲ್ಲಿದ್ದ ಸೊಪ್ಪನ್ನು ಬುಟ್ಟಿಗೆ ವಾಪಸ್ ಹಾಕಿ, ಹುಳುವನ್ನೆತ್ತಿ ಬಲ್ಬಿಗೆ ಹಿಡಿದೆ.